ಶಾಲು ಹೊದಿಸುವ ಮೊದಲು ಕಡತ ತೆಗೆಯಿರಿ: ಕಾಲೇಜುಗಳಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರಾಂಶುಪಾಲರೇ, ದೈಹಿಕ ಶಿಕ್ಷಣ ನಿರ್ದೇಶಕರೇ, ಹಳೆಯ ವಿದ್ಯಾರ್ಥಿ ಸಂಘಗಳ ಪದಾಧಿಕಾರಿಗಳೇ,

ಕ್ರೀಡಾ ದಿನಾಚರಣೆಗೋ ಸುವರ್ಣ ಮಹೋತ್ಸವಕ್ಕೋ ಕಾಲೇಜಿನ ಹಳೆಯ ಫುಟ್‌ಬಾಲ್ ಆಟಗಾರರೊಬ್ಬರನ್ನು ಕರೆಸಿ ಸನ್ಮಾನ ಮಾಡಬೇಕೆಂದು ನೀವು ಯೋಚಿಸುತ್ತಿದ್ದರೆ ಸಂತೋಷ. ಕಾಲ್ಚೆಂಡಿನವರನ್ನು ನೆನೆಯುವವರೇ ಕಡಿಮೆ. ಆದರೆ ಕೆಲಸ ಸಾಮಾನ್ಯವಾಗಿ ನಡೆಯುವ ಬಗೆ ಹೀಗೆ: ಮೊದಲು ಮುಖ್ಯ ಅತಿಥಿಯ ದಿನ ಗೊತ್ತಾಗುತ್ತದೆ, ಆಮೇಲೆ ಶಾಮಿಯಾನದವನಿಗೆ ಮುಂಗಡ ಹೋಗುತ್ತದೆ, ಶಾಲು-ಹಾರ-ಮೈಸೂರು ಪೇಟ ಬರುತ್ತವೆ, ಹಿಂದಿನ ರಾತ್ರಿ ಒಂಬತ್ತಕ್ಕೆ ‘ಸಾರ್, ನಿಮ್ಮ ಬಯೋಡೇಟಾ ಸ್ವಲ್ಪ ವಾಟ್ಸ್‌ಆ್ಯಪ್ ಮಾಡಿ’ ಎಂಬ ಸಂದೇಶ ಹೋಗುತ್ತದೆ. ಈ ಸಾಲನ್ನು ಬಾಲದಿಂದ ತಲೆಗೆ ತಿರುಗಿಸಿ ಎಂದು ಕೇಳುವುದಕ್ಕೇ ಈ ಪತ್ರ. ಆಟಗಾರ ಏನು ಆಡಿದ, ಎಲ್ಲಿ ಆಡಿದ, ಯಾವ ತಂಡಕ್ಕೆ ಆಡಿದ ಎಂಬುದು ಮೊದಲು ಕಾಗದದ ಮೇಲೆ ಸರಿಯಾಗಲಿ. ಮಿಕ್ಕದ್ದೆಲ್ಲ ಅದರ ಹಿಂದೆ ಬರಲಿ.

ಒಂದು ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಡಾ. ತಾಲಿಮೆರೆನ್ ಆವೊ 1918ರ ಜನವರಿ 28ರಂದು ನಾಗಾ ಬೆಟ್ಟಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಆಡುತ್ತಾ ಬೆಳೆದರು, ಕಲ್ಕತ್ತೆಯ ಕಾರ್ಮೈಕೇಲ್ ವೈದ್ಯಕೀಯ ಕಾಲೇಜಿಗೆ ಸೇರಿದರು, 1943ರಲ್ಲಿ ಅಲ್ಲಿನ ಮೋಹನ್ ಬಗಾನ್ ಕ್ಲಬ್ ಸೇರಿ ಹಾಫ್ ಬ್ಯಾಕ್ (ನಡುಸಾಲಿನ ಆಟಗಾರ) ಆಗಿ ನಿಂತರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ತಂಡದ ನಾಯಕರಾಗಿ ಹೋದರು. ಉದ್ಘಾಟನೆಯ ದಿನ ಬಾವುಟ ಹಿಡಿದು ಮುಂದೆ ನಡೆದವರೂ ಅವರೇ. ಆಗ ಅವರಿನ್ನೂ ವೈದ್ಯ ವಿದ್ಯಾರ್ಥಿ, ಎಂ.ಬಿ.ಬಿ.ಎಸ್. ಮುಗಿದದ್ದು 1950ರಲ್ಲಿ. ಆಮೇಲೆ ಚೆಂಡು ಬಿಟ್ಟು ಸ್ಟೆತಸ್ಕೋಪ್ ಹಿಡಿದು ಊರ ಕಡೆಗೇ ಹೋದರು, ನಾಗಾಲ್ಯಾಂಡಿನ ಆರೋಗ್ಯ ಸೇವೆಗಳ ನಿರ್ದೇಶಕರಾದರು. ತೀರಿಕೊಂಡದ್ದು 1998ರಲ್ಲಿ.

ಅವರಿಗೆ ಸಂದ ಗೌರವಗಳನ್ನು ನೋಡಿ. ಅವರು ಓದಿದ ಕಾಟನ್ ಕಾಲೇಜಿನಲ್ಲೇ ಅವರ ಹೆಸರಿನ ಒಳಾಂಗಣ ಕ್ರೀಡಾಂಗಣ. ಅಸ್ಸಾಮಿನ ಕಲಿಯಾಬೋರ್‌ನಲ್ಲಿ ಅವರ ಹೆಸರಿನ ಮೈದಾನ. ಈಶಾನ್ಯದಲ್ಲಿ ಅವರ ಹೆಸರಿನ ಫುಟ್‌ಬಾಲ್ ಪಂದ್ಯಾವಳಿ. ಹುಟ್ಟಿದ ನೂರನೇ ವರ್ಷ 2018ರಲ್ಲಿ ಅಂಚೆ ಚೀಟಿ. ಇವುಗಳಲ್ಲಿ ಹೆಚ್ಚಿನವು ಆಟ ನಡೆಯುವ ಜಾಗಗಳು ಅಥವಾ ಆಟಗಳೇ. ಕಪಾಟಿನಲ್ಲಿ ಮಂಕಾಗುವ ಫಲಕಗಳಲ್ಲ.

ಅವರ ಬದುಕನ್ನೇ ಒಂದು ಫಲಕದ ಮೇಲೆ ಬರೆಯಬೇಕಾದರೆ ಎಷ್ಟು ಕಡೆ ಎಡವಬಹುದು ಎಂಬುದನ್ನೂ ನೋಡಿ. ಸೇರಿದ್ದು ಕಾರ್ಮೈಕೇಲ್ ಕಾಲೇಜಿಗೆ, ಪದವಿ ಪಡೆದದ್ದು ಆರ್.ಜಿ. ಕರ್ ಕಾಲೇಜಿನಿಂದ ಎಂದು ಬರೆದರೆ ಓದುಗ ಎರಡು ಕಾಲೇಜು ಎಂದುಕೊಳ್ಳುತ್ತಾನೆ. ಅದು ಒಂದೇ ಕಾಲೇಜು, 1948ರಲ್ಲಿ ಹೆಸರು ಬದಲಾಯಿತು. ಕಾಟನ್ ಕಾಲೇಜು ಈಗ ಕಾಟನ್ ವಿಶ್ವವಿದ್ಯಾಲಯ. ‘ನಾಗಾಲ್ಯಾಂಡ್ ರಾಜ್ಯದ ಆಟಗಾರ’ ಎಂದರೂ ತಪ್ಪು, ಆ ರಾಜ್ಯ ಆದದ್ದೇ 1963ರಲ್ಲಿ. ಅವರು ಆಡುವಾಗ ನಾಗಾ ಬೆಟ್ಟಗಳು ಅಸ್ಸಾಮಿನ ಒಂದು ಜಿಲ್ಲೆ. ಇನ್ನು ಬಾಯಿಂದ ಬಾಯಿಗೆ ಹರಿದ ಮಾತುಗಳು ಬೇರೆ. ಲಂಡನ್ನಿನ ಆರ್ಸೆನಲ್ ಕ್ಲಬ್ ಅವರನ್ನು ಕರೆದಿತ್ತು ಎನ್ನುವುದು, ಬರಿಗಾಲಿನಲ್ಲಿ ಆಡುವುದೇಕೆ ಎಂದು ಕೇಳಿದ ಪತ್ರಕರ್ತನಿಗೆ ‘ನಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್’ ಎಂದು ಅವರು ಕೊಟ್ಟರು ಎನ್ನುವ ಚಟಾಕಿಯ ಉತ್ತರ. ಭಾಷಣಕ್ಕೆ ಇವು ಚೆನ್ನ, ‘ಹೀಗೆ ಹೇಳುತ್ತಾರೆ’ ಎಂದು ಸೇರಿಸಿ ಹೇಳಿ. ಕಲ್ಲಿನ ಮೇಲೆ ಕೊರೆಯುವುದಾದರೆ ಕಾಗದ ಬೇಕು.

ಈ ಕಥೆ ಕರ್ನಾಟಕಕ್ಕೆ ತಾಗುವ ಜಾಗ ಈಗ ಬರುತ್ತದೆ. 1948ರ ಜುಲೈ 31ರಂದು ಲಂಡನ್ ಬಳಿಯ ಇಲ್ಫರ್ಡ್‌ನಲ್ಲಿ ಭಾರತ ಫ್ರಾನ್ಸ್ ಎದುರು 1-2ರಿಂದ ಸೋತಿತು. ತಂಡದ ಬಹುತೇಕರದ್ದು ಬರಿಗಾಲು. ಸಿಕ್ಕ ಎರಡು ಪೆನಾಲ್ಟಿಯೂ ವ್ಯರ್ಥ. ಗೆಲುವಿನ ಗೋಲನ್ನು ಫ್ರಾನ್ಸ್ ಹೊಡೆದದ್ದು ಪಂದ್ಯ ಮುಗಿಯಲು ಇನ್ನೇನು ಒಂದು ನಿಮಿಷ ಇದ್ದಾಗ. ಅದಕ್ಕೆ ಮುಂಚೆ, 70ನೇ ನಿಮಿಷದಲ್ಲಿ, ಸಮ ಮಾಡಿದ ಗೋಲು ಸಾರಂಗಪಾಣಿ ರಾಮನ್ ಅವರದು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ರಾಮನ್ ಬಂದದ್ದು ಮೈಸೂರು ರಾಜ್ಯದ ತಂಡದಿಂದ. ಗೋಲಿನಲ್ಲಿ ನಿಂತ ವರದರಾಜ್, ಮುಂದೆ ಆಡುತ್ತಿದ್ದ ಅಹ್ಮದ್ ಖಾನ್, ವಜ್ರವೇಲು, ಧನರಾಜ್ ಕೂಡ ಆ ಪ್ರವಾಸಕ್ಕೆ ಹೋದದ್ದು ಮೈಸೂರಿನಿಂದಲೇ. ಅಹ್ಮದ್ ಖಾನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ಯುಗೊಸ್ಲಾವಿಯ ಎದುರು ಭಾರತದ ಒಂದೇ ಗೋಲು ಹೊಡೆದರು (ಆ ಪಂದ್ಯ 1-10, ಬಿಡಿ). ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಜನ ಅವರನ್ನೂ ಧನರಾಜರನ್ನೂ ಇನ್ನು ಮೂವರೊಡನೆ ಸೇರಿಸಿ ‘ಪಂಚ ಪಾಂಡವರು’ ಎಂದು ಇವತ್ತಿಗೂ ಹಾಡಿ ಹೊಗಳುತ್ತಾರೆ. ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ನಗರದ ಎಷ್ಟು ಕಾಲೇಜು ಹುಡುಗರಿಗೆ ಆ ಹೆಸರು ಗೊತ್ತು ಎಂದು ನಿಮ್ಮ ಮೈದಾನದಲ್ಲೇ ಒಮ್ಮೆ ಕೇಳಿ ನೋಡಿ.

ಇವರಿಗೆಲ್ಲ ಅರ್ಜುನ ಪ್ರಶಸ್ತಿ ಯಾಕೆ ಬರಲಿಲ್ಲ ಎಂದು ಹಲವರು ಕೇಳುತ್ತಾರೆ. ಅರ್ಜುನ ಶುರುವಾದದ್ದೇ 1961ರಲ್ಲಿ, ಜೀವಮಾನದ ಸಾಧನೆಗೆ ಕೊಡುತ್ತಿದ್ದ ಧ್ಯಾನಚಂದ್ ಪ್ರಶಸ್ತಿ 2002ರಲ್ಲಿ. ನಲವತ್ತರ ದಶಕದವರು ಒಂದಕ್ಕೆ ತೀರ ಮುಂಚೆ, ಇನ್ನೊಂದಕ್ಕೆ ತೀರ ತಡ. ಹಾಗಾಗಿ ಅವರನ್ನು ನೆನೆಯುವ ಕೆಲಸ ಕಾಲೇಜು, ಕ್ಲಬ್ಬು, ಊರುಗಳ ಪಾಲಿಗೇ ಉಳಿದಿದೆ.

ಈಗ ಕಡತದ ವಿಷಯ.

ಆಹ್ವಾನ ಪತ್ರಿಕೆಗಳಲ್ಲಿ ತೀರ ಸಾಮಾನ್ಯವಾಗಿ ಕಾಣುವ ತಪ್ಪು ವಿಶ್ವವಿದ್ಯಾಲಯದ್ದು. 1958ರಲ್ಲಿ ಬೆಂಗಳೂರಿನ ಕಾಲೇಜೊಂದರಲ್ಲಿ ಓದಿದ ಆಟಗಾರ ‘ಬೆಂಗಳೂರು ವಿ.ವಿ. ತಂಡಕ್ಕೆ’ ಆಡಿರಲು ಸಾಧ್ಯವಿಲ್ಲ, ಆ ವಿ.ವಿ. ಹುಟ್ಟಿದ್ದು 1964ರಲ್ಲಿ. ಅವರು ಆಡಿದ್ದು 1916ರಲ್ಲಿ ಸ್ಥಾಪನೆಯಾದ ಮೈಸೂರು ವಿ.ವಿ.ಗೆ. ಧಾರವಾಡದ ಕರ್ನಾಟಕ ವಿ.ವಿ. 1949ರದ್ದು, ಅದಕ್ಕೆ ಹಿಂದಿನ ಹುಬ್ಬಳ್ಳಿ-ಧಾರವಾಡದ ಹುಡುಗರ ದಾಖಲೆ ಮುಂಬಯಿ ವಿ.ವಿ. ಕಡೆ ಹುಡುಕಬೇಕು. ನಲವತ್ತರ ದಶಕದ ಮಂಗಳೂರಿನವರದ್ದು ಮದ್ರಾಸ್ ಕಡೆ, ಕಲಬುರಗಿಯವರದ್ದು ಹೈದರಾಬಾದಿನ ಉಸ್ಮಾನಿಯಾ ಕಡೆ. ಮಂಗಳೂರು ಮತ್ತು ಗುಲ್ಬರ್ಗ ವಿ.ವಿ.ಗಳು 1980ರವು. ರಾಜ್ಯದ ಹೆಸರಿನಲ್ಲೂ ಇದೇ ಗೊಂದಲ. ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು 1946-47, 1952-53, 1967-68, 1968-69ರಲ್ಲಿ ಗೆದ್ದದ್ದು ಮೈಸೂರು. ‘ಕರ್ನಾಟಕ’ ಎಂಬ ಹೆಸರಿನಲ್ಲಿ ಮೊದಲ ಸಲ ಗೆದ್ದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಟೂರ್ನಿಯ ಋತು ಎರಡು ಕ್ಯಾಲೆಂಡರ್ ವರ್ಷಗಳಿಗೆ ಚಾಚಿಕೊಂಡಿರುವುದರಿಂದ ಒಬ್ಬರು 1967 ಎನ್ನುತ್ತಾರೆ, ಇನ್ನೊಬ್ಬರು 1968 ಎನ್ನುತ್ತಾರೆ, ಎರಡು ಸಲ ಗೆದ್ದ ಕಡೆ ಮೂರಾಗಿ ಬಿಡುತ್ತದೆ. ‘1967-68’ ಎಂದೇ ಬರೆಯಿರಿ.

ಎರಡನೆಯ ತಪ್ಪು ಮಟ್ಟದ್ದು. ‘ರಾಷ್ಟ್ರೀಯ ಆಟಗಾರ’ ಎಂದರೆ ಏನು? ರಾಜ್ಯದ ಪರ ಸಂತೋಷ್ ಟ್ರೋಫಿ ಆಡಿದವರೂ ಹಾಗೆ ಹೇಳಿಕೊಳ್ಳುತ್ತಾರೆ, ಭಾರತದ ಪರ ಆಡಿದವರನ್ನೂ ಹಾಗೆ ಕರೆಯುತ್ತಾರೆ. ಮೆಟ್ಟಿಲುಗಳನ್ನು ಬಿಡಿಸಿ ಬರೆಯಬೇಕು: ಕಾಲೇಜು ತಂಡ, ಅಂತರ ಕಾಲೇಜು ಪಂದ್ಯಾವಳಿಯಿಂದ ಆಯ್ಕೆಯಾದ ವಿ.ವಿ. ತಂಡ, ಅಂತರ ವಿಶ್ವವಿದ್ಯಾಲಯ ಮಟ್ಟ (ಪುರುಷರಲ್ಲಿ ಇದರ ಟ್ರೋಫಿಗೆ ಸರ್ ಆಶುತೋಷ್ ಮುಖರ್ಜಿಯವರ ಹೆಸರು), ರಾಜ್ಯ, ಭಾರತ. ಒಂದೊಂದು ಮೆಟ್ಟಿಲಲ್ಲೂ ಮತ್ತೆ ಮೂರು ಪ್ರಶ್ನೆ. ಶಿಬಿರಕ್ಕೆ ಮಾತ್ರ ಹೋಗಿದ್ದರೇ? ಅಂತಿಮ ಪಟ್ಟಿಯಲ್ಲಿದ್ದರೇ? ಅಂಗಳಕ್ಕೆ ಇಳಿದರೇ? ಶಿಬಿರಕ್ಕೆ ಹೋಗಿ ಬಂದದ್ದೂ ಸಣ್ಣ ಸಾಧನೆಯಲ್ಲ, ಅದನ್ನು ಹಾಗೆಯೇ ಹೇಳಿದರೆ ಯಾರಿಗೂ ಅವಮಾನವಿಲ್ಲ. ಉಬ್ಬಿಸಿ ಹೇಳಿದಾಗ ಸಭೆಯಲ್ಲಿ ಕೂತ ಅವರ ಹಳೆಯ ಜೊತೆಗಾರನೊಬ್ಬ ಪಕ್ಕದವನ ಕಿವಿಯಲ್ಲಿ ನಗುತ್ತಾನೆ. ಸನ್ಮಾನಿತರೂ ಅದನ್ನು ನೋಡುತ್ತಾರೆ.

ಕಾಗದ ಎಲ್ಲಿ ಸಿಗುತ್ತದೆ? ಎಲ್ಲರೂ ಮೊದಲು ಹೋಗುವುದು ದೈಹಿಕ ಶಿಕ್ಷಣ ವಿಭಾಗಕ್ಕೆ. ಅಲ್ಲಿನ ಅರ್ಹತಾ ನಮೂನೆಗಳ ಪ್ರತಿಗಳು ಕೊಠಡಿ ಬದಲಾದಾಗಲೆಲ್ಲ ರದ್ದಿಗೆ ಹೋಗಿರುತ್ತವೆ. ಲೆಕ್ಕಪತ್ರ ವಿಭಾಗಕ್ಕೆ ಹೋಗಿ. ತಂಡ ಹೊರಗೆ ಹೋದಾಗಲೆಲ್ಲ ರೈಲು ಖರ್ಚು, ದಿನಭತ್ಯೆಗೆ ಒಬ್ಬೊಬ್ಬ ಆಟಗಾರನೂ ಸಹಿ ಹಾಕಿದ ವೋಚರ್ ಇರುತ್ತದೆ. ಲೆಕ್ಕ ಪರಿಶೋಧನೆಯ ಭಯಕ್ಕೆ ಅದನ್ನು ಬೇಗ ಬಿಸಾಡುವುದಿಲ್ಲ. ಆ ಒಂದು ಹಾಳೆಯಲ್ಲಿ ತಂಡದ ಪೂರ್ತಿ ಪಟ್ಟಿ, ಊರು, ದಿನಾಂಕ ಮೂರೂ ಸಿಗುತ್ತವೆ. ಹಾಜರಿ ಪುಸ್ತಕದಲ್ಲಿ ‘ಒ.ಡಿ.’ (ಆನ್ ಡ್ಯೂಟಿ) ಎಂದು ಗುರುತಿಸಿದ ದಿನಗಳನ್ನು ಅದಕ್ಕೆ ತಾಳೆ ಹಾಕಿ. ಆಮೇಲೆ ಕಾಲೇಜು ವಾರ್ಷಿಕ ಸಂಚಿಕೆ. ಅದರ ಕ್ರೀಡಾ ವರದಿಯಲ್ಲಿ ಫಲಿತಾಂಶ ಇರುತ್ತದೆ, ಫೋಟೋ ಕೆಳಗೆ ‘ನಿಂತವರು ಎಡದಿಂದ ಬಲಕ್ಕೆ’ ಇರುತ್ತದೆ. ಎಡ-ಬಲ ಅದಲು ಬದಲಾಗಿರುವುದೂ ಉಂಟು, ಗೋಲ್‌ಕೀಪರನ ಬೇರೆ ಬಣ್ಣದ ಅಂಗಿಯಿಂದ ಎಣಿಕೆ ಶುರು ಮಾಡಿ ಸರಿಪಡಿಸಿ. ಕೊನೆಗೆ ಪತ್ರಿಕೆ. ಪಂದ್ಯದ ಮಾರನೆಯ ದಿನದ ಪುಟ, ಸಿಗದಿದ್ದರೆ ಅದರ ಮಾರನೆಯ ದಿನದ್ದು, ಏಕೆಂದರೆ ಸಂಜೆ ಪಂದ್ಯದ ಸುದ್ದಿ ಎಷ್ಟೋ ಸಲ ತಡವಾಗಿ ತಲುಪುತ್ತಿತ್ತು. ಯಾವ ಪತ್ರಿಕೆ ಯಾವಾಗ ಹುಟ್ಟಿತು ಎಂಬುದೂ ನೆನಪಿರಲಿ. ರಾಮನ್ ಗೋಲು ಹೊಡೆದಾಗ ಡೆಕ್ಕನ್ ಹೆರಾಲ್ಡ್‌ಗೆ ಒಂದೂವರೆ ತಿಂಗಳು, ಪ್ರಜಾವಾಣಿ ಇನ್ನೂ ಹುಟ್ಟಿರಲಿಲ್ಲ. ಅದು ಬಂದದ್ದು ಅದೇ ವರ್ಷ ಅಕ್ಟೋಬರಿನಲ್ಲಿ.

ಜೊತೆಗಾರರ ನೆನಪನ್ನು ಕೇಳುವಾಗ ಇಬ್ಬರನ್ನು ಬೇರೆ ಬೇರೆ ಕೂರಿಸಿ ಕೇಳಿ, ಒಟ್ಟಿಗೆ ಅಲ್ಲ. ಒಟ್ಟಿಗೆ ಕೂತರೆ ಜೋರು ದನಿಯವರ ನೆನಪೇ ಇಬ್ಬರದೂ ಆಗುತ್ತದೆ.

ಹೆಸರಿನ ತೊಡಕು ಪ್ರತ್ಯೇಕವಾಗಿ ಹೇಳಬೇಕಾದದ್ದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ತಂಡದ ಪಟ್ಟಿಯಲ್ಲಿ ಎರಡು, ಪತ್ರಿಕೆಯಲ್ಲಿ ಮನೆಯ ಹೆಸರು, ಮೈದಾನದಲ್ಲಿ ಅಡ್ಡಹೆಸರು. ಆಟಗಾರ್ತಿಯರ ವಿಷಯದಲ್ಲಿ ಮದುವೆಯ ನಂತರ ಹೆಸರಿನ ಬಾಲ ಬದಲಾಗಿರುತ್ತದೆ. ಹಳೆಯ ಪ್ರಮಾಣಪತ್ರ ಹೊಸ ಆಧಾರ್ ಕಾರ್ಡಿಗೆ ಹೊಂದುವುದಿಲ್ಲವೆಂದು ಮಾಜಿ ಆಟಗಾರರ ಮಾಸಾಶನದ ಅರ್ಜಿ ವಾಪಸು ಬರುವುದು ಇಲ್ಲೇ. ಕಾಲೇಜು ಮನಸ್ಸು ಮಾಡಿದರೆ ಒಂದು ಪುಟದ ದೃಢೀಕರಣ ಕೊಡಬಹುದು: ಪ್ರವೇಶ ಸಂಖ್ಯೆ, ಓದಿದ ವರ್ಷಗಳು, ಆಗಿನ ಹೆಸರು, ಈಗಿನ ಹೆಸರು, ಆಡಿದ ತಂಡಗಳು, ಪ್ರಾಂಶುಪಾಲರ ಸಹಿ, ಮೊಹರು. ಎಷ್ಟೋ ಹಿರಿಯ ಆಟಗಾರರಿಗೆ ಬೆಳ್ಳಿ ತಟ್ಟೆಗಿಂತ ಈ ಹಾಳೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಮೆರಿಕದ ಕಾಲೇಜುಗಳು ಈ ಕೆಲಸವನ್ನು ಅತಿ ಎನ್ನುವಷ್ಟು ಮಾಡುತ್ತವೆ. ಫುಟ್‌ಬಾಲ್ ಆಟಗಾರ್ತಿ ಮಿಯಾ ಹ್ಯಾಮ್ ಉತ್ತರ ಕ್ಯಾರೊಲೈನಾ ವಿಶ್ವವಿದ್ಯಾಲಯಕ್ಕೆ ಆಡಿ ಹೊರಬಂದ ಮೇಲೆ 1994ರಲ್ಲಿ ಆ ವಿ.ವಿ. ಅವರ 19ನೇ ನಂಬರಿನ ಅಂಗಿಯನ್ನು ಬೇರೆ ಯಾರಿಗೂ ಕೊಡುವುದಿಲ್ಲ ಎಂದು ತೀರ್ಮಾನಿಸಿತು. ಕಾಲೇಜು ದಿನಗಳಲ್ಲಿ ಅವರದು 103 ಗೋಲು, 72 ಅಸಿಸ್ಟ್ (ಗೋಲಿಗೆ ನೆರವಾದ ಪಾಸ್). ಗೋಲಿಗೆ ಎರಡು, ಅಸಿಸ್ಟಿಗೆ ಒಂದರಂತೆ 278 ಅಂಕ. ಈ ಲೆಕ್ಕ ಸಿಕ್ಕಿದ್ದು ಯಾರದೋ ನೆನಪಿನಿಂದ ಅಲ್ಲ, ಪಂದ್ಯ ಪಂದ್ಯಕ್ಕೂ ಒಬ್ಬರು ಅಂಗಳದ ಪಕ್ಕ ಕೂತು ಬರೆದದ್ದರಿಂದ. ನಿಮ್ಮ ಕಾಲೇಜಿನಲ್ಲೂ ಇವತ್ತಿನಿಂದಲೇ ಒಂದು ಇನ್ನೂರು ಪುಟದ ನೋಟ್‌ಬುಕ್ ತೆರೆಯಿರಿ. ಪಂದ್ಯಕ್ಕೊಂದು ಪುಟ: ದಿನಾಂಕ, ಮೈದಾನ, ಎದುರಾಳಿ, ಹನ್ನೊಂದು ಜನರ ಪೂರ್ತಿ ಹೆಸರು ಮತ್ತು ಅಂಗಿ ನಂಬರು, ಬದಲಿಗಳು ಇಳಿದ ನಿಮಿಷ, ಗೋಲು ಹೊಡೆದವರು ಮತ್ತು ನಿಮಿಷ, ಹಳದಿ-ಕೆಂಪು ಕಾರ್ಡು, ರೆಫರಿಯ ಹೆಸರು, ಸಹಿ. ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಗ್ರಂಥಾಲಯಕ್ಕೆ ಕಳಿಸಿ. ಮೂವತ್ತು ವರ್ಷದ ನಂತರ ಯಾರನ್ನಾದರೂ ಸನ್ಮಾನಿಸಬೇಕಾದವರಿಗೆ ಕೆಲಸ ಹಗುರ.

ಫಲಕ ಹಾಕಿಸುವುದಾದರೆ ಎರಡು ಮಾತು. ಮಳೆ-ಬಿಸಿಲಿಗೆ ತೆರೆದ ಜಾಗದಲ್ಲಿ ಹಿತ್ತಾಳೆ ಬೇಡ, ಒರೆಸುವವರಿಲ್ಲದೆ ಬೇಗ ಕಪ್ಪಾಗುತ್ತದೆ. ಕರಿಕಲ್ಲಿನಲ್ಲಿ ಆಳವಾಗಿ ಕೊರೆಸಿ. ಕನ್ನಡ ಅಕ್ಷರ ಕೆಡುವುದು ಕೊರೆಯುವ ಯಂತ್ರದಲ್ಲಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಯೂನಿಕೋಡ್‌ಗೆ ಬದಲಾಗುವಾಗ, ಇಲ್ಲವೇ ಅಂಗಡಿಯವನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಾಗ, ಒತ್ತಕ್ಷರ ಕೆಳಗೆ ಬೀಳದೆ ಪಕ್ಕದಲ್ಲಿ ಕೂರುತ್ತದೆ, ಅರ್ಕಾವತ್ತು ಕಾಣೆಯಾಗುತ್ತದೆ. ಫೈಲನ್ನು ಪಿಡಿಎಫ್ ಮಾಡಿ, ಅಕ್ಷರಗಳನ್ನು ಗೆರೆಚಿತ್ರಕ್ಕೆ (ಔಟ್‌ಲೈನ್) ಬದಲಿಸಿ ಕೊಡಿ. ಕಲ್ಲಿನ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ ಇಬ್ಬರು ಜೋರಾಗಿ ಓದಿ ಸಹಿ ಹಾಕಲಿ, ಒಬ್ಬರು ಕನ್ನಡ ಅಧ್ಯಾಪಕರಿರಲಿ. ಆಟಗಾರರ ಹೆಸರು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ. ‘ಇವರ ಅಮೃತ ಹಸ್ತದಿಂದ’ ಎಂಬ ಸಾಲು ಬೇಕೇ ಬೇಕೆಂದರೆ ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಚಿಕ್ಕದಾಗಿ. ಫಲಕದ ಜಾಗ ಮೈದಾನದ ಬಾಗಿಲ ಬಳಿ, ನೋಡುವವರ ಕಣ್ಣಿನ ಎತ್ತರಕ್ಕೆ. ಪ್ರಾಂಶುಪಾಲರ ಕೊಠಡಿಯ ಹೊರಗೆ ಹಾಕಿದರೆ ಓದುವವರು ಶುಲ್ಕ ಬಾಕಿ ಇರುವ ವಿದ್ಯಾರ್ಥಿಗಳು ಮಾತ್ರ.

ಸನ್ಮಾನದ ದಿನ ಬಹುಪಾಲು ತೊಂದರೆಗೆ ಕಾರಣ ಗಡಿಯಾರ. ಎಪ್ಪತ್ತೈದು ದಾಟಿದವರನ್ನು ಬೆಳಿಗ್ಗೆ ಹತ್ತಕ್ಕೆ ಕರೆಸಿ, ಮುಖ್ಯ ಅತಿಥಿ ಬರುವ ತನಕ ತಗಡಿನ ಬಿಸಿ ಇಳಿಯುವ ವೇದಿಕೆಯಲ್ಲಿ ಪೇಟ ಸಮೇತ ಕೂರಿಸಬೇಡಿ. ಬೆಳಿಗ್ಗೆ ಎಂಟೂವರೆ ಅಥವಾ ಸಂಜೆ ನಾಲ್ಕೂವರೆ ಇಟ್ಟುಕೊಳ್ಳಿ, ಅತಿಥಿ ತಡವಾದರೆ ಸನ್ಮಾನ ಮುಗಿಸಿಬಿಡಿ. ಜೊತೆಗೆ ಬರುವ ಒಬ್ಬರ ಪ್ರಯಾಣ, ಊಟದ ಖರ್ಚೂ ನಿಮ್ಮದೇ. ಹಳೆಯ ಫುಟ್‌ಬಾಲಿಗರ ಮಂಡಿ ಹೇಗಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ವೇದಿಕೆಗೆ ಎರಡೂ ಕಡೆ ಹಿಡಿಕೆ ಇರಲಿ, ಕುರ್ಚಿಗೆ ಕೈ ಇರಲಿ, ಕಮೋಡ್ ಇರುವ ಶೌಚಾಲಯ ಹತ್ತಿರವಿರಲಿ, ಅದರ ಕೀಲಿ ಯಾರ ಹತ್ತಿರ ಇದೆ ಎಂಬುದು ಗೊತ್ತಿರಲಿ. ಗೌರವಧನ ಕೊಡುವುದಾದರೆ ಅದೇ ದಿನ ಅವರ ಖಾತೆಗೆ ಹಾಕಿ. ಫೋಟೋಗೆಂದು ಮಾಡಿಸಿದ ಬಾಗಿಲಗಲದ ಥರ್ಮೋಕೋಲ್ ಚೆಕ್ಕನ್ನು ಬಸ್ಸಿನಲ್ಲಿ ಹೊತ್ತು ಹೋಗುವುದು ಹೇಗೆ?

ದಯವಿಟ್ಟು ‘ಒಂದು ಸಲ ಚೆಂಡು ಒದೀರಿ ಸಾರ್’ ಎನ್ನಬೇಡಿ. ಚಪ್ಪಲಿಯಲ್ಲಿ, ಪಂಚೆಯಲ್ಲಿ, ಒದ್ದೆ ಹುಲ್ಲಿನ ಮೇಲೆ ಒಂದೇ ಕಾಲಿನ ಮೇಲೆ ನಿಲ್ಲಿಸುವುದು ಬೀಳಿಸುವುದಕ್ಕೆ ಸಮ. ಟಾಸ್ ನಾಣ್ಯ ಅವರ ಕೈಲಿ ಕೊಡಿ, ಪಂದ್ಯದ ಚೆಂಡನ್ನು ರೆಫರಿಗೆ ಕೊಡಿಸಿ.

ಅವರ ಹೆಸರಿನಲ್ಲಿ ಹಿರಿಯರ ಪಂದ್ಯ ಇಟ್ಟರೆ ಅದಕ್ಕೆ ಬೇರೆ ನಿಯಮ ಬೇಕು. ಹಿರಿಯರಿಗಾಗಿ ಅಂಗಳದ ಅಳತೆ, ಆಟದ ಅವಧಿ, ಬದಲಿ ಆಟಗಾರರ ಕ್ರಮ ಬದಲಿಸಿಕೊಳ್ಳಲು ಆಟದ ನಿಯಮಗಳೇ ಅವಕಾಶ ಕೊಡುತ್ತವೆ. 20 ನಿಮಿಷದ ಎರಡು ಅವಧಿ ಸಾಕು. ಹೊರಬಂದವರು ಮತ್ತೆ ಒಳಹೋಗಲಿ, ನೆಲಕ್ಕೆ ಜಾರಿ ಚೆಂಡು ಕಸಿಯುವುದಕ್ಕೆ ನಿಷೇಧ. ಐವತ್ತರ ಮೇಲಿನವರು ಮೈ ಬಿಸಿ ಮಾಡದೆ ಓಡಿದರೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಕಿತ್ತುಕೊಳ್ಳಬಹುದು. ಹಾಗಾಗಿ 15 ನಿಮಿಷ ನಡಿಗೆ, ನಿಧಾನ ಓಟ, ಮೀನಖಂಡ ಎಳೆದು ಬಿಡುವುದು ಕಡ್ಡಾಯ. ಎದೆ ನೋವಿನ ಇತಿಹಾಸ ಇರುವವರು ಆಡುವಂತಿಲ್ಲ, ಎಷ್ಟೇ ದೊಡ್ಡ ಹೆಸರಾದರೂ. ಆಂಬುಲೆನ್ಸ್ ಗೇಟಿನ ಒಳಗೆ ಇರಲಿ, ಅದರ ದಾರಿಗೆ ಅಡ್ಡ ಕಾರು ನಿಲ್ಲದಿರಲಿ.

ಅಂಗಳವನ್ನೂ ನೋಡಿಕೊಳ್ಳಿ. ಹಿಂದಿನ ವಾರ ಅಲ್ಲೇ ಶಾಮಿಯಾನ ಹಾಕಿದ್ದರೆ ಗೂಟದ ಗುಂಡಿ, ಮೊಳೆ, ತಂತಿ ತುಂಡು ಉಳಿದಿರುತ್ತವೆ. ಇಪ್ಪತ್ತು ವಿದ್ಯಾರ್ಥಿಗಳನ್ನು ಒಂದು ಮಾರು ಅಂತರದಲ್ಲಿ ಸಾಲಾಗಿ ನಿಲ್ಲಿಸಿ ಈ ತುದಿಯಿಂದ ಆ ತುದಿಗೆ ನಡೆಸಿ, ಗುಂಡಿಗೆ ಮಣ್ಣು ತುಂಬಿ ದಮ್ಮಸ್ಸು ಮಾಡಿ. ಗೆರೆ ಹಾಕುವಾಗ ಮೂಲೆ ಸರಿಯಿದೆಯೇ ಎಂದು ನೋಡಲು ಕರ್ಣ ಅಳೆಯಿರಿ: 105×68 ಮೀಟರ್ ಅಂಗಳಕ್ಕೆ ಮೂಲೆಯಿಂದ ಮೂಲೆಗೆ 125.1 ಮೀಟರ್, 100×64ಕ್ಕೆ 118.7. ಎರಡೂ ಕರ್ಣ ಒಂದೇ ಬಂದರೆ ಮೂಲೆಗಳು ಸರಿಯಿವೆ. ಗೆರೆ 12 ಸೆಂ.ಮೀ. ಮೀರದಿರಲಿ. ಅರಳಿದ ಸುಣ್ಣ ಬಳಸಬೇಡಿ. ಬೆವರು ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ. ಸೀಮೆಸುಣ್ಣದ ಪುಡಿ ಸಾಕು. ಎತ್ತಿ ಸಾಗಿಸುವ ಗೋಲು ಕಂಬಗಳನ್ನು ಹಿಂಬದಿಯ ಪಟ್ಟಿಗೆ ಮರಳು ಚೀಲ ಹೇರಿ, ನೆಲಕ್ಕೆ ಗೂಟ ಹೊಡೆದು ಬಿಗಿಯಿರಿ. ಚಿಕ್ಕ ಮಕ್ಕಳು ಜೋತಾಡಿದಾಗ ಮುಂದಕ್ಕೆ ಮಗುಚುವುದು ಈ ಕಂಬಗಳೇ.

ಕೊನೆಯದಾಗಿ ಒಂದು ಕೋರಿಕೆ. ಮುಂದಿನ ಕ್ರೀಡಾ ದಿನಕ್ಕೆ ಯಾರನ್ನು ಕರೆಯುವುದೆಂದು ಕೇಳಲು ಬೇರೆ ಎಲ್ಲಿಗೂ ಹೋಗುವ ಮುನ್ನ ನಿಮ್ಮ ಲೆಕ್ಕಪತ್ರ ವಿಭಾಗದ ಅಟ್ಟಕ್ಕೆ ಯಾರನ್ನಾದರೂ ಹತ್ತಿಸಿ. 1950ರಿಂದ 1990ರ ವರೆಗಿನ ಫುಟ್‌ಬಾಲ್ ವೋಚರುಗಳನ್ನು ಇಳಿಸಿ, ಧೂಳು ಕೊಡವಿ, ಹೆಸರುಗಳನ್ನು ವರ್ಷವಾರು ಒಂದು ಪಟ್ಟಿ ಮಾಡಿ, ಬದುಕಿರುವವರ ಮನೆಗೆ ಒಬ್ಬ ವಿದ್ಯಾರ್ಥಿಯನ್ನು ಆ ಪಟ್ಟಿಯ ಪ್ರತಿಯೊಂದಿಗೆ ಕಳಿಸಿ. ತಪ್ಪಿದ್ದರೆ ಅವರೇ ತಿದ್ದಿ ಕೊಡುತ್ತಾರೆ. ತಿದ್ದಿದ ಪ್ರತಿ ಕೈಗೆ ಬಂದ ಮೇಲೆ ಶಾಮಿಯಾನದವನಿಗೆ ಫೋನ್ ಮಾಡಿ.

ಇತಿ,
ಬೆಂಗಳೂರಿನ ಕೆಲವು ಫುಟ್‌ಬಾಲ್ ತರಬೇತುದಾರರು, ರೆಫರಿಗಳು ಮತ್ತು ದಾಖಲೆ ಬರೆಯುವವರು